ಡಂಕಣ್ಣನ ಮನೆಯ ಸೊಸೆ

ಗಾವಡಗೆರೆಯ ಡಂಕಣ್ಣನ ಮನೆಯ ಗಂಡಸರು ತಮ್ಮ ಹೆಸರು ಹೇಳುವುದಕ್ಕೆ ಮೊದಲು ಮನೆತನದ ಹೆಸರು ಹೇಳುತ್ತಿದ್ದರು. ಡಂಕಣ್ಣ ಎಂಬ ವೀರ, ಊರಿನ ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರ ಗುಂಪನ್ನು ಒಬ್ಬನೇ ಅಡ್ಡಗಟ್ಟಿ, ಕಂಡಕಂಡವರನ್ನು ಕಡಿದು ಹಾಕಿ, ಕೊನೆಗೆ ಹಿಂದಿನಿಂದ ಬಿದ್ದ ಏಟಿಗೆ ಸತ್ತನಂತೆ. ಹೊಲದ ಮೂಲೆಯಲ್ಲಿ ಅವನ ಕಲ್ಲಿತ್ತು. ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಟಗರು ಕಡಿದು, ನೆಂಟರಿಷ್ಟರಿಗೆಲ್ಲ ಊಟ ಹಾಕುತ್ತಿದ್ದರು. ಡಂಕಣ್ಣ ಯಾವ ಊರಿನವನು, ಯಾರ ಮಗ ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ. ಕೇಳಿದವರೂ ಕಡಿಮೆ.

ಪುಟ್ಟಸಿದ್ದಮ್ಮ ಆ ಮನೆಗೆ ಮಿರ್ಲೆಯಿಂದ ಬಂದ ಸೊಸೆ. ಹೊರಗಿನವಳೇನಲ್ಲ. ಅವಳ ತಾಯಿ ಚಿಕ್ಕಸಿದ್ದಮ್ಮ ಅದೇ ಮನೆಯ ಮಗಳು. ಮನೆಯ ಯಜಮಾನ ದೊಡ್ಡಮಾದಯ್ಯ ತಾಯಿಯ ಒಡಹುಟ್ಟಿದವನು, ಅಂದರೆ ಪುಟ್ಟಸಿದ್ದಮ್ಮನಿಗೆ ಸೋದರಮಾವ. ಅವನ ಮಗ ಅಂಕಯ್ಯನಿಗೇ ಅವಳನ್ನು ತಂದುಕೊಂಡಿದ್ದರು. ಅಂಕಯ್ಯ ದುಡಿಮೆಗಾರ. ಮಾತಿಗಿಂತ ಕೈ ಮುಂದು. ಎತ್ತಿಗೂ ಹೊಡೆಯುತ್ತಿದ್ದ, ಹೆಂಡತಿಗೂ ಹೊಡೆಯುತ್ತಿದ್ದ. ಊರಿನಲ್ಲಿ ಅದನ್ನು ದೊಡ್ಡ ವಿಷಯವೆಂದು ಯಾರೂ ತಿಳಿದಿರಲಿಲ್ಲ. ಪುಟ್ಟಸಿದ್ದಮ್ಮನೂ ತಿಳಿದಿರಲಿಲ್ಲ, ಮಗಳು ಹುಟ್ಟುವ ತನಕ.

ದೊಡ್ಡ ಜ್ವರ ಬಂದು ಊರೂರೇ ಬರಿದಾಗಿದ್ದ ಕಾಲ. ಬದುಕಿ ಉಳಿದವರ ಮನೆಯಲ್ಲಿ ಕೂಸು ಹುಟ್ಟಿದರೆ ಅದೇ ಹಬ್ಬ. ಪುಟ್ಟಸಿದ್ದಮ್ಮನ ಕೂಸು ಕಪ್ಪಗೆ, ತುಂಬಿಕೊಂಡು ಚೆನ್ನಾಗಿತ್ತು. ಹುಟ್ಟಿದಾಗ ಕಣ್ಣಿನ ಬಣ್ಣ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಕೂಸು ಮಗುಚಿಕೊಳ್ಳುವ ಹೊತ್ತಿಗೆ ತಿಳಿಯಿತು. ಬಿಸಿಲಿಗೆ ಹಿಡಿದರೆ ಆ ಕಣ್ಣು ಬೂದಿಯ ಮೇಲೆ ಹಸಿರು ಚೆಲ್ಲಿದ ಹಾಗೆ ಕಾಣುತ್ತಿತ್ತು. ಬೆಕ್ಕಿನ ಕಣ್ಣು.

ಹಿಂದಿನ ವರ್ಷ ಒಬ್ಬ ಬಿಳಿ ದೊರೆ ಕೆರೆ ಏರಿಯ ಹತ್ತಿರ ಡೇರೆ ಹಾಕಿ ಬಾತುಕೋಳಿ ಹೊಡೆದುಕೊಂಡು ಹೋಗಿದ್ದ. ಊರಿನ ಹೆಂಗಸರು ಸರದಿಯ ಮೇಲೆ ಡೇರೆಗೆ ಮೊಸರು ಕೊಟ್ಟು ಬಂದಿದ್ದರು. ಆ ಮೊಸರು ಈಗ ಎಲ್ಲರಿಗೂ ನೆನಪಾಯಿತು.

"ಈ ಕಣ್ಣು ಯಾರ್ದಮ್ಮಿ?" ಎಂದು ಅಂಕಯ್ಯ ಕೇಳಿದ. ಕೈಯಲ್ಲಿ ಎತ್ತಿನ ಬಾರುಕೋಲಿತ್ತು.

"ಕೂಸಿಂದು. ಇನ್ಯಾರ್ದು?"

"ನಮ್ ಮನೇಲಿ ಯಾರಿಗದೆ ಇಂತ ಕಣ್ಣು? ನಿಮ್ ಮಿರ್ಲೇಲಿ ಯಾರಿಗದೆ? ಡೇರೆಗೆ ಮೊಸ್ರು ಒತ್ಕೊಂಡೋದೋಳು ನೀನೇ ತಾನೆ?"

"ಊರೋರೆಲ್ಲ ಓಗಿದ್ರು. ಜೊತೇಲಿ ನಿಮ್ ಚಿಕ್ಕವ್ವನೂ ಬಂದಿದ್ಲು, ಕೇಳಿ."

ಅವನು ಕೇಳಲಿಲ್ಲ. ಬಾರುಕೋಲಿನ ತುದಿಯ ಚರ್ಮ ಅವಳ ಬೆನ್ನು, ತೋಳು, ಕುತ್ತಿಗೆಗೆ ಸುತ್ತಿ ಸುತ್ತಿ ಬಿತ್ತು. ಕೂಸನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಅವಳು ನೆಲಕ್ಕೆ ಕವುಚಿ ಬಿದ್ದಳು. ಜಗುಲಿಯ ಮೇಲೆ ಕುಳಿತಿದ್ದ ದೊಡ್ಡಮಾದಯ್ಯ ಬಗ್ಗಿ ಒಳಗೆ ನೋಡಿದ. ಅವನ ನೋಟ ಸೊಸೆಯ ಬೆನ್ನಿನ ಮೇಲಲ್ಲ, ಅವಳ ತೋಳಿನ ಸಂದಿಯಲ್ಲಿ ಕಾಣುತ್ತಿದ್ದ ಕೂಸಿನ ಮುಖದ ಮೇಲೆ ನಿಂತಿತು. ಆಮೇಲೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೊರಟುಹೋದ. ಪುಟ್ಟಸಿದ್ದಮ್ಮನಿಗೆ ಬಾರುಕೋಲಿನ ಏಟಿಗಿಂತ ಅದು ಹೆಚ್ಚು ನೋಯಿತು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದ ಮಾವ ಅವನು.

ಅಂದಿನಿಂದ ಹೊಡೆತಕ್ಕೆ ದಿನ, ಗಳಿಗೆ ಎಂಬುದಿರಲಿಲ್ಲ. ಒಂದು ಸಲ ಎಡಗೈಯ ಮಣಿಕಟ್ಟು ಮುರಿಯಿತು. ಬಿದಿರಿನ ದಬ್ಬೆ ಕಟ್ಟಿಕೊಂಡೇ ರಾಗಿ ಬೀಸಿದಳು. ಇನ್ನೊಂದು ಸಲ ಒಲೆಯ ಕೊಳ್ಳಿಯನ್ನು ತೊಡೆಗೆ ಇಟ್ಟ. ಆದರೂ ಅವಳು ಮನೆ ಬಿಡಲಿಲ್ಲ. ಬಿಟ್ಟು ಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದಳು.

ಒಂದು ಬೆಳಿಗ್ಗೆ ಬಾವಿಯಿಂದ ನೀರು ತಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಂಕಯ್ಯ ಕೂಸಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಎಡಗೈಯ ಬೆರಳುಗಳಿಂದ ಅದರ ರೆಪ್ಪೆ ಬಿಡಿಸಿ ಹಿಡಿದಿದ್ದ. ಬಲಗೈಯಲ್ಲಿ ಆಗಷ್ಟೇ ಕಿತ್ತು ತಂದ ಎಕ್ಕದ ಎಲೆ. ಅದರ ತೊಟ್ಟಿನಲ್ಲಿ ಬಿಳಿಯ ಹಾಲು ಜಿನುಗಿ ಹನಿಯಾಗುತ್ತಿತ್ತು.

"ಕಣ್ಣೇ ಇಲ್ದಿದ್ರೆ ಯಾರೂ ಕೇಳಕಿಲ್ಲ ಬುಡು," ಎಂದ, ತಿರುಗಿ ನೋಡದೆಯೇ, ಬಹಳ ಸಮಾಧಾನದಿಂದ.

ಅವಳು ತುಂಬಿದ ಹಿತ್ತಾಳೆ ಕೊಡವನ್ನು ಎತ್ತಿ ಅವನ ತಲೆಗೆ ಅಪ್ಪಳಿಸಿದಳು. ಅವನು ಉರುಳಿದ. ಎಕ್ಕದ ಹಾಲು ಕೂಸಿನ ಕಣ್ಣು ತಪ್ಪಿ ಕಣ್ಣಿನ ಹೊರ ಮೂಲೆಗೆ ಬಿತ್ತು. ಕೂಸು ಕಿರುಚಿದ ಸದ್ದಿಗೆ ಕೊಟ್ಟಿಗೆಯ ದನ ಬೆದರಿ ಎದ್ದವು. ಪುಟ್ಟಸಿದ್ದಮ್ಮ ಅಲ್ಲೇ ಕುಳಿತು ಎದೆ ಹಿಂಡಿ, ಹಾಲು ಬಿಟ್ಟು ಬಿಟ್ಟು ಆ ಕಣ್ಣು ತೊಳೆದಳು. ಅಂಕಯ್ಯ ರಕ್ತ ಒರೆಸಿಕೊಂಡು ಏಳುತ್ತಿದ್ದುದನ್ನು ಕಂಡು, ಒನಕೆ ತೆಗೆದುಕೊಂಡು ಅವನ ಮೊಣಕಾಲಿಗೆ ಇನ್ನೊಂದು ಕೊಟ್ಟಳು. ಕೂಸನ್ನು ಸೀರೆಯಲ್ಲಿ ಕಟ್ಟಿಕೊಂಡು ಮಿರ್ಲೆಯ ದಾರಿ ಹಿಡಿದಳು. ಹೊಲದ ಬದುವಿನ ಮೇಲೆ ನಿಂತು ನೋಡುತ್ತಿದ್ದ ದೊಡ್ಡಮಾದಯ್ಯ ತಡೆಯಲೂ ಇಲ್ಲ, ಕೂಗಲೂ ಇಲ್ಲ.

ಮಿರ್ಲೆಯಲ್ಲಿ ತಾಯಿ ಮೊದಲು ಅತ್ತಳು. ಆಮೇಲೆ ಕೂಸನ್ನು ಬಾಗಿಲ ಬೆಳಕಿಗೆ ಹಿಡಿದು ಅದರ ಕಣ್ಣು ನೋಡಿದಳು.

"ನೀನೂ ಅಂಗೇ ಅಂತೀಯೇನವ್ವ?" ಎಂದು ಪುಟ್ಟಸಿದ್ದಮ್ಮ ಕೇಳಿದಳು.

"ಇಲ್ಲ ಕಣ್ ಮಗ." ಚಿಕ್ಕಸಿದ್ದಮ್ಮ ಬಾಗಿಲು ಮುಂದೆ ಮಾಡಿ ಬಂದು ಕುಳಿತಳು. "ನಮ್ಮಪ್ಪ ಕುಡ್ದಾಗ ಡಂಕಣ್ಣನ ಕಲ್ಲಿನ್ ತಾವ ಓಯ್ತಿದ್ದ. ಎಲ್ರೂ ಕೈ ಮುಗೀತಿದ್ರೆ ಇವ್ನು ಕಲ್ಲಿನ್ ಮೇಲೆ ಉಗೀತಿದ್ದ. ಅವ್ನ್ ಮಗ ಆಗಿ ಅವ್ನಿಗೇ ಉಗುದ್ರೆ ಎಂಗಪ್ಪ ಅಂದ್ರೆ ಅಳ್ತಿದ್ದ. ಯಾಕೆ ಅಂತ ಏಳ್ಲೇ ಇಲ್ಲ."

"ಮತ್ಯಾರಿಗೆ ಗೊತ್ತು?"

"ಗುರುಪುರದಲ್ಲಿ ಕೆಂಪಾಜಮ್ಮ ಅಂತ ಒಂದು ಮುದುಕಿ ಅವ್ಳೆ. ನಮ್ಮಜ್ಜಿ ಈರವ್ವನ ತಂಗಿ. ಈರವ್ವನೇ ಡಂಕಣ್ಣನ ಎಡ್ತಿ. ಅಕ್ಕತಂಗೀರು ಉಣಸೂರಿನ ಒಳೆ ದಂಡೇಲಿ ತಂಗಡಿ ತೊಗಟೆ ಮಾರ್ತಿದ್ರಂತೆ. ನಿಮ್ಮಾವನ ಮದ್ವೇಲಿ ಆ ಮುದುಕಿ ಏನೋ ಅಂದ್ಲು. ಅವತ್ನಿಂದ ಅವ್ಳನ್ನ ಮನ್ಗೆ ಸೇರ್ಸಿಲ್ಲ."

ಕಣ್ಣಿನ ಗಾಯ ಒಣಗುವ ತನಕ ಪುಟ್ಟಸಿದ್ದಮ್ಮ ಕಾದಳು. ಆಮೇಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹುಣಸೂರಿನ ದಾರಿಯಾಗಿ ಗುರುಪುರಕ್ಕೆ ನಡೆದಳು.

ಲಕ್ಷ್ಮಣತೀರ್ಥದ ದಂಡೆಯಲ್ಲಿ, ಹಿಂದೆ ಒಬ್ಬ ಪರಂಗಿ ನಡೆಸುತ್ತಿದ್ದ ಚರ್ಮದ ಕಾರ್ಖಾನೆ ಇತ್ತೆನ್ನುವ ಜಾಗದಲ್ಲಿ, ತೊಗಟೆಯ ನೀರಿನಲ್ಲಿ ತೊಗಲು ನೆನೆಹಾಕಿ ಹದ ಮಾಡುತ್ತಿದ್ದ ಗುಂಡಿಗಳು ಮಾತ್ರ ಪೊದೆ ಬೆಳೆದು ಉಳಿದಿದ್ದವು. ಪಕ್ಕದಲ್ಲಿ ಒಬ್ಬ ಮುದಿ ಸಾಬರು ಬಾವಿಯ ಕಪಿಲೆಗೆ ಚರ್ಮದ ಚೀಲ ಹೊಲಿಯುತ್ತ ಕುಳಿತಿದ್ದರು. ಅವಳು ಡಂಕಣ್ಣನ ಹೆಸರು ಹೇಳಿದಳು. ತೊಗಟೆ ಮಾರುತ್ತಿದ್ದ ಈರವ್ವನ ಗಂಡ ಎಂದಳು.

ಸಾಬರ ದಬ್ಬಳ ನಿಂತಿತು. "ಡಂಕಣ್ಣ ಅಲ್ಲಮ್ಮ, ಡಂಕನ್. ಡಂಕನ್ ದೊರೆ. ಕಂಪನಿ ಕಾಲದಲ್ಲಿ ಈ ಗುಂಡಿಗಳ್ನೆಲ್ಲ ತೋಡಿಸಿದ್ದು ಅವನೇ. ನಮ್ಮ ಅಬ್ಬಾ ಅವನ ಹತ್ರ ಆಳಾಗಿದ್ರು. ಸಾಯೋವರೆಗೂ ಅವರ ಬೆನ್ನಲ್ಲಿ ಅವನ ಚಾವಟಿ ಗುರ್ತು ಇತ್ತು."

ಪುಟ್ಟಸಿದ್ದಮ್ಮ ಕಂಕುಳಲ್ಲಿದ್ದ ಕೂಸಿನ ಕಣ್ಣು ನೋಡಿದಳು. "ಪರಂಗಿಯವ್ನಾ?"

"ಮತ್ತೆ? ಒಬ್ಬ ಆಳು ತೊಗಲು ಹಾಳು ಮಾಡ್ದ ಅಂತ ಅವನ ಕೈಯನ್ನ ಸುಣ್ಣದ ಗುಂಡೀಲಿ ಹಿಡಿಸಿದ್ದನಂತೆ, ಚರ್ಮ ಸುಲಿಯೋ ತನಕ. ಅಂಥವನು."

"ಅವ್ನು ಏನಾದ?"

"ಒಂದಿನ ಇದ್ದ, ಮಾರನೇ ದಿನ ಇಲ್ಲ. ಕೊಡಗಿಗೆ ಹೋದ ಅಂದ್ರು. ಹುಲಿ ಹೊತ್ಕೊಂಡೋಯ್ತು ಅಂದ್ರು. ಕುದುರೆ ಮಾತ್ರ ಲಾಯದಲ್ಲೇ ಇತ್ತಂತೆ. ಬೇರೆ ದೊರೆಗಳು ಬಂದು ಊರೆಲ್ಲ ಜಾಲಾಡಿ, ಜನಾನ ಕಟ್ಟಿಹಾಕಿ ಹೊಡೆದ್ರು. ಸಿಗಲಿಲ್ಲ. ಅವರ ಗೋರಿಗಳೆಲ್ಲ ಇಲ್ಲೇ ಆಚೆ ಇವೆ. ಅವನದೊಂದಿಲ್ಲ." ಸಾಬರು ಕೂಸಿನ ಮುಖ ನೋಡಿದರು. ತಮ್ಮ ಬುತ್ತಿಯಲ್ಲಿದ್ದ ಬೆಲ್ಲದ ಚೂರನ್ನು ಅದರ ಕೈಗೆ ಕೊಟ್ಟರು.

ಗುರುಪುರದ ಕೆಂಪಾಜಮ್ಮ ಕಾಡಿನಂಚಿನ ಒಂದು ಗುಡಿಸಲಿನಲ್ಲಿದ್ದಳು. ಬೆನ್ನು ಬಾಗಿತ್ತು, ಮುಂದಿನ ಹಲ್ಲುಗಳಿರಲಿಲ್ಲ, ಮಾತು ಮಾತ್ರ ಗಟ್ಟಿ. ಅಂಗಳದಲ್ಲಿ ತಂಗಡಿ ಕಡ್ಡಿಗಳನ್ನು ಹರಡಿಕೊಂಡು ಮರದ ಕೊಡತಿಯಿಂದ ಬಡಿದು ತೊಗಟೆ ಬಿಡಿಸುತ್ತಿದ್ದಳು. ಪುಟ್ಟಸಿದ್ದಮ್ಮ ತಾನು ಯಾರೆಂದು ಹೇಳಿ ಕೂಸನ್ನು ಅವಳ ಮುಂದೆ ಕೂರಿಸಿದಳು. ಮುದುಕಿ ಕೂಸಿನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡಳು, ಸುಟ್ಟವಳ ಹಾಗೆ.

"ಆ ನನ್ಮಗ! ಇಷ್ಟು ದಿನ ಆದ್ಮೇಲೆ ಇಲ್ಲಿ ಇಣುಕ್ತಾ ಅವ್ನೆ ನೋಡು!"

"ಅಜ್ಜಿ, ನನ್ ಗಂಡ ಈ ಕಣ್ಣು ಕಳೀಬೇಕು ಅಂತ ಎಕ್ಕದಾಲು ಬುಟ್ಟ."

ಕೆಂಪಾಜಮ್ಮ ಕಣ್ಣಿನ ಮೂಲೆಯ ಸುಟ್ಟ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಹೇಳತೊಡಗಿದಳು.

"ನಾವು ತೊಗಟೆ ಒತ್ಕೊಂಡೋಗಿ ಕಾರ್ಖಾನೆಗೆ ಆಕ್ತಿದ್ವಿ. ಆಗ ನಾನಿನ್ನೂ ಮೈನೆರೆದಿರ್ಲಿಲ್ಲ. ನಮ್ಮಕ್ಕ ಈರಿ ಎತ್ತರದ ಆಳು. ಡಂಕ ಒಂದಿನ ಅವ್ಳ ಜುಟ್ಟು ಇಡ್ದು ಬಂಗ್ಲೆಗೆ ಎಳ್ಕೊಂಡೋದ. ನಮ್ಮಪ್ಪ ಅಡ್ಡ ಓದ. ಕುದ್ರೆ ಮೇಲಿಂದ ತುಳಿಸ್ದ ನಮ್ಮಪ್ಪನ್ನ. ಪಕ್ಕೆ ಮೂಳೆ ಮುರ್ದು ವಾರದೊಳಗೆ ಸತ್ತೋದ. ಯಾರ್ ತಾವ ಏಳನ? ಎಲ್ಲಾ ಅವ್ರೇ ಆಗಿದ್ರು. ಈರಿ ಅಲ್ಲೇ ಉಳಿದ್ಲು. ಗಂಡುಮಗ ಆಯ್ತು. ಅದೇ ನಿಮ್ಮವ್ವನ ಅಪ್ಪ."

"ಆಮೇಕೆ?"

"ಕೂಸು ಅತ್ರೆ ಡಂಕನಿಗೆ ಆಗ್ತಿರ್ಲಿಲ್ಲ. ಒಂದ್ ಮಧ್ಯಾನ ಕುಡ್ದು ಬಂದ. ಕೂಸಿನ್ ಕಾಲು ಇಡ್ದು ತಲೆಕೆಳಗಾಗಿ ನೇತಾಡ್ಸಿ ತೊಗಟೆ ನೀರಿನ್ ಗುಂಡಿ ಮೇಲೆ ಇಡ್ದ. ಅದು ಕಿರುಚ್ಕೋತಿತ್ತು, ಅವ್ನು ನಗ್ತಿದ್ದ. ಆಳುಗಳೆಲ್ಲ ಊಟಕ್ಕೋಗಿದ್ರು. ನಾನು ತೊಗಟೆ ಬಡೀತಾ ಕೂತಿದ್ದೆ. ಈರಿ ಬಂದ್ಲು, ನನ್ ಕೈಯಿಂದ ಕೊಡತಿ ಕಿತ್ಕೊಂಡ್ಲು. ಇಂದ್ಗಡೆಯಿಂದ ಓಗಿ ಮೊದ್ಲು ಕೂಸಿನ್ ತೋಳು ಗಟ್ಯಾಗಿ ಇಡ್ಕೊಂಡ್ಲು. ಆಮೇಲೆ ಅವ್ನ ಬುರುಡೆಗೆ ಬುಟ್ಲು. ತೆಂಗಿನ್ಕಾಯಿ ಒಡ್ದಂಗೆ ಸದ್ದಾಯ್ತು ಕಣಮ್ಮಿ. ಗುಂಡಿಗೆ ಬಿದ್ದ. ಮೇಲೆ ಬರಾಕ್ ನೋಡ್ದ. ತೊಗಲು ಮಗಚೋ ಗಳ ತಕ್ಕೊಂಡು ಅವ್ನ ಕತ್ತಿನ್ ಮೇಲೆ ಒತ್ತಿ ಇಡ್ಕೊಂಡ್ಲು, ನೀರು ಸುಮ್ನಾಗೋ ತನಕ. ನಾನು ಕೂಸು ಎತ್ಕೊಂಡು ನಿಂತಿದ್ದೆ."

ಮುದುಕಿ ಬಾಯಿ ಒರೆಸಿಕೊಂಡಳು. "ಆಳುಗಳು ಬಂದ್ರು, ನೋಡಿದ್ರು. ಒಬ್ರೂ ತುಟಿ ಬಿಚ್ಲಿಲ್ಲ. ಅವ್ರೇ ಎಣ ಎತ್ತಿ ತೊಗಟೆ ಗಾಡೀಲಿ ಆಕಿ ಮೇಲೆ ಸಿಪ್ಪೆ ಮುಚ್ಚಿದ್ರು. ಗಾವಡಗೆರೇಲಿ ನಮ್ ಸೋದರಮಾವನ ಒಲ ಇತ್ತು. ಅಲ್ಲಿ ಊತಾಕಿ ಮೇಲೆ ಚಪ್ಪಡಿ ಎಳೆದ್ವಿ. ಈರಿ ಅಲ್ಲೇ ನಿಂತ್ಲು. ಮಗ ಬೆಳೆದು, ಅಪ್ಪನ ಎಸ್ರೇನವ್ವ ಅಂತ ಕೇಳ್ದ. ಬಾಯಿಗೆ ಬಂದಿದ್ದು ಡಂಕಣ್ಣ. ಮಿಕ್ಕಿದ್ದನ್ನೆಲ್ಲ ಊರೋರೇ ಕಟ್ಕೊಂಡ್ರು. ಈರಿ ಸಾಯೋ ಮುಂದೆ ಮಗನಿಗೊಬ್ಬನಿಗೇ ನಿಜ ಏಳಿದ್ಲು."

"ನಮ್ಮಾವನಿಗೆ ಗೊತ್ತಾ ಇದು?"

ಕೆಂಪಾಜಮ್ಮ ಬೊಚ್ಚು ಬಾಯಿ ತೆರೆದು ತೋರಿಸಿದಳು. "ಈ ಅಲ್ಲು ತಾನಾಗಿ ಉದುರಿದ್ದಲ್ಲ. ಅವ್ನ್ ಮದ್ವೇಲಿ ಎಲ್ರೂ ಡಂಕಣ್ಣ ಡಂಕಣ್ಣ ಅಂತ ಮೆರೀತಿದ್ರು, ನಮ್ಮಕ್ಕನ ಎಸ್ರು ಒಬ್ರೂ ಎತ್ಲಿಲ್ಲ. ತಡೀಲಾರ್ದೆ ಅವ್ನೊಬ್ಬನ್ನೇ ಕರ್ದು ಏಳ್ದೆ. ಕೊಟ್ಟಿಗೆಗೆ ಎಳ್ಕೊಂಡೋಗಿ ನೊಗದ ಗೂಟದಲ್ಲಿ ಬಾಯಿಗೆ ಒಡ್ದ."

ಜಗುಲಿಯಿಂದ ಎದ್ದು ಹೋದ ಮಾವನ ಬೆನ್ನು ಪುಟ್ಟಸಿದ್ದಮ್ಮನ ಕಣ್ಣ ಮುಂದಿತ್ತು. ಗೊತ್ತಿದ್ದೂ ಎದ್ದು ಹೋಗಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಗನ ಕಿವಿಯಲ್ಲಾದರೂ.

ಸಂಕ್ರಾಂತಿ ಕಳೆಯಿತು. ಡಂಕಣ್ಣನ ಪೂಜೆಯ ದಿನ ನೆತ್ತಿಯ ಬಿಸಿಲಿನಲ್ಲಿ ಗುರುಪುರದಿಂದ ಬಂದ ಗಾಡಿಯೊಂದು ಹೊಲದ ಬದುವಿನ ಬಳಿ ನಿಂತಿತು. ಕುಲದವರೆಲ್ಲ ಸೇರಿದ್ದರು. ಕುಲದ ಯಜಮಾನ ಕೆಂಪಯ್ಯ ಕಂಬಳಿಯ ಮೇಲೆ ಕುಳಿತಿದ್ದ. ಟಗರಿನ ಕೊರಳಿಗೆ ಹೂವು ಹಾಕಿತ್ತು. ಅಂಕಯ್ಯ ಮಚ್ಚು ಹಿಡಿದು ನಿಂತಿದ್ದ. ಒನಕೆ ಏಟಿಗೆ ಅವನ ಒಂದು ಕಾಲು ಇನ್ನೂ ಕುಂಟುತ್ತಿತ್ತು. ಕೂಸನ್ನು ಎತ್ತಿಕೊಂಡ ಪುಟ್ಟಸಿದ್ದಮ್ಮ, ಕೋಲೂರಿದ ಕೆಂಪಾಜಮ್ಮ ನಡೆದು ಬಂದರು. ದೊಡ್ಡಮಾದಯ್ಯ ಮುದುಕಿಯನ್ನು ಕಂಡು ಎದ್ದು ನಿಂತ.

"ಯಜಮಾನ್ರೆ, ನನ್ನ ಕುಲಕ್ಕೆ ಹೊರಗಾಕಿ ಅಂತ ನನ್ ಗಂಡ ನಿಮ್ ತಾವ ಕೇಳವ್ನಂತೆ," ಎಂದಳು ಪುಟ್ಟಸಿದ್ದಮ್ಮ. "ಅದಕ್ಕೆ ಮೊದ್ಲು ಈ ಅಜ್ಜಿ ಮಾತು ಕೇಳಿ."

ಕೆಂಪಾಜಮ್ಮ ಕಲ್ಲನ್ನು ಕೋಲಿನಿಂದ ಕುಟ್ಟಿದಳು. "ವೀರಗಲ್ಲು ನಿಂತಿರ್ತದೆ ಕಣ್ರಪ್ಪ. ಇದನ್ನ ಯಾಕೆ ಮಲಗ್ಸವ್ರೆ, ಯಾರಾದ್ರೂ ಯೋಚ್ನೆ ಮಾಡಿದ್ರಾ? ಅಡಿಯಲ್ಲಿರೋನು ಏಳಬಾರ್ದು ಅಂತ." ಗುಂಡಿ, ಕೊಡತಿ, ಗಳ, ಗಾಡಿ—ಎಲ್ಲವನ್ನೂ ಅದೇ ಗಟ್ಟಿ ದನಿಯಲ್ಲಿ ಹೇಳಿದಳು. ಕೊನೆಗೆ ಕೂಸಿನ ಕಡೆ ಕೈ ತೋರಿಸಿದಳು. "ಆ ಕಣ್ಣು ಡೇರೆಯೋನ್ದಲ್ಲ. ನಿಮ್ಮ ಡಂಕಣ್ಣನ್ದು. ತಾಯಿ ಕಡೆಯಿಂದ್ಲೂ ಬಂತು, ತಂದೆ ಕಡೆಯಿಂದ್ಲೂ ಬಂತು."

"ಸುಳ್ಳು ಬೊಗುಳ್ತೀಯಾ ಮುದಿ ಮುಂಡೆ!" ಎಂದು ಅಂಕಯ್ಯ ಮಚ್ಚು ಎತ್ತಿಕೊಂಡೇ ನುಗ್ಗಿದ. ಮುದುಕಿ ಕದಲಲಿಲ್ಲ. ಪುಟ್ಟಸಿದ್ದಮ್ಮ ಅಡ್ಡ ಬಂದಳು. ಅವಳ ತೋಳಿನಲ್ಲಿ ಕೂಸಿತ್ತು. ಮಚ್ಚು ಇಳಿಯುವುದಕ್ಕೆ ಮೊದಲೇ ದೊಡ್ಡಮಾದಯ್ಯ ಕೈ ಚಾಚಿ ಅಲಗನ್ನೇ ಹಿಡಿದ. ಎರಡು ಬೆರಳು ನೆಲಕ್ಕೆ ಬಿದ್ದವು. ರಕ್ತ ಅಂಕಯ್ಯನ ಮುಖಕ್ಕೆ ಚಿಮ್ಮಿತು. ತಂದೆಯ ಕೈ ನೋಡಿ ಅವನು ಮಚ್ಚು ಬಿಟ್ಟ.

"ಸುಳ್ಳಲ್ಲ ಕಣ್ಲಾ," ಎಂದ ದೊಡ್ಡಮಾದಯ್ಯ. ಅಷ್ಟು ಹೇಳಿ ಅಲ್ಲೇ ಕುಸಿದು ಕುಳಿತ.

ಹೆಂಗಸರು ಅವನ ಕೈಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತುತ್ತಿದ್ದರೆ, ಅಂಕಯ್ಯ ಹುಚ್ಚು ಹಿಡಿದವನ ಹಾಗೆ ಹಾರೆ ತಂದು ಚಪ್ಪಡಿಗೆ ಮೀಟು ಹಾಕಿದ. ನಾಲ್ಕು ಜನ ಕೈ ಜೋಡಿಸಿದರು. ಚಪ್ಪಡಿ ಪಕ್ಕಕ್ಕೆ ಬಿತ್ತು. ಅಂಕಯ್ಯನೇ ಅಗೆದ. ಮೊದಲು ಸಿಕ್ಕಿದ್ದು ಮೊಳೆ ಹೊಡೆದ ಬೂಟಿನ ಅಟ್ಟೆಗಳು. ಆ ಊರಿನಲ್ಲಿ ಯಾವ ವೀರನೂ ಬೂಟು ಹಾಕಿರಲಿಲ್ಲ. ಆಮೇಲೆ ಉದ್ದನೆಯ ಕಾಲುಮೂಳೆ. ಕೊನೆಗೆ ಬುರುಡೆ, ಅದರ ಹಿಂಭಾಗ ಒಳಕ್ಕೆ ಕುಸಿದಿತ್ತು. ಅಂಕಯ್ಯ ಹಾರೆಯನ್ನು ಗುಂಡಿಯೊಳಗೇ ಕೆಳಗೆ ಹಾಕಿದ.

ಎಲ್ಲರೂ ಕೆಂಪಯ್ಯನ ಕಡೆ ನೋಡಿದರು. ಪರಂಗಿಯ ರಕ್ತ ಎಂದ ಮೇಲೆ ಇಡೀ ಮನೆಯನ್ನೇ ಕುಲಕ್ಕೆ ಹೊರಗೆ ಹಾಕಬೇಕು. ಕೆಂಪಯ್ಯ ಎಲೆಯಡಿಕೆ ಹಾಕಿಕೊಂಡು ಸೇರಿದವರ ಮುಖಗಳನ್ನು ಒಂದೊಂದಾಗಿ ನೋಡಿದ. ಈ ಮನೆಯ ಹೆಣ್ಣು ತಂದವರು, ಈ ಮನೆಗೆ ಹೆಣ್ಣು ಕೊಟ್ಟವರು, ಇವರ ಎಲೆಯಲ್ಲಿ ಉಂಡವರು. ಅವನ ಹೆಂಡತಿಯೂ ಅದೇ ಮನೆಯವಳು.

"ಇವ್ರನ್ನ ಹೊರಗಾಕಿದ್ರೆ ಒಳಗೆ ಉಳಿಯೋರು ಯಾರ್ರಪ್ಪ?" ಎಂದ ಕೊನೆಗೆ. "ಮಣ್ಣು ಮುಚ್ಚಿ. ಕಲ್ಲು ಎಳೀರಿ. ಆ ಎಣ್ಮಗಳ ಮೇಲೆ ಯಾವ ತಪ್ಪೂ ಇಲ್ಲ. ಅಂಕ, ಎಡ್ತೀನ ಮನ್ಗೆ ಕರ್ಕೊಂಡೋಗು."

ಅಂಕಯ್ಯ ಗುಂಡಿಯಿಂದ ಮೇಲೆ ಬಂದು ತಲೆ ಬಗ್ಗಿಸಿ ನಿಂತ. "ಬಾ," ಎಂದ.

ಪುಟ್ಟಸಿದ್ದಮ್ಮ ಕುತ್ತಿಗೆಯ ತಾಳಿಯನ್ನು ಕಿತ್ತು ಅದೇ ಗುಂಡಿಗೆ ಎಸೆದಳು. "ಮುಚ್ಚೋದಾದ್ರೆ ಇದ್ನೂ ಸೇರ್ಸಿ ಮುಚ್ಚಿ," ಎಂದಳು. ಮಾವನ ಮುಂದೆ ಹಾದು ಹೋಗುವಾಗ ಒಂದು ಗಳಿಗೆ ನಿಂತಳು. ಕೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಅವನ ಕೈ ನೋಡಿ ಬಿಟ್ಟುಬಿಟ್ಟಳು. ಅವಳು ಗಾಡಿ ಹತ್ತಿದಳು.

ಆಮೇಲೆ ಗುರುಪುರವೇ ಅವಳ ಊರಾಯಿತು. ಕೆಂಪಾಜಮ್ಮನ ಜೊತೆ ಕುರುಚಲು ಕಾಡಿಗೆ ಹೋಗಿ ತಂಗಡಿ ಕಡ್ಡಿ ಕೊಯ್ದು, ತೊಗಟೆ ಬಡಿದು, ಗಾಡಿಯವರಿಗೆ ಹಾಕಿದಳು. ಮುದುಕಿ ಸತ್ತಾಗ ಕೊಳ್ಳಿ ಇಟ್ಟವಳೂ ಅವಳೇ. ಗಂಡಸರು ಗೊಣಗಿದರು, ಅವಳು ಕೇಳಲಿಲ್ಲ. ಅಂಕಯ್ಯ ಒಂದು ಸಲ ಕುಡಿದು ಬಂದು ಗುಡಿಸಲಿನ ಬಾಗಿಲು ಒದ್ದ. ಅವಳು ಕೊಡಲಿ ಹಿಡಿದು ಹೊರಗೆ ಬಂದು, ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತಳು. ಅಂಗಳದಲ್ಲೇ ಬಿದ್ದುಕೊಂಡಿದ್ದ ಅವನು ಬಿಸಿಲು ಏರಿದ ಮೇಲೆ ಎದ್ದು ಹೋದ. ಆಮೇಲೆ ಕೊಡಗಿನ ಕಾಫಿ ತೋಟಕ್ಕೆ ಆಳಾಗಿ ಹೋದವನು ಅಲ್ಲೇ ಜ್ವರದಲ್ಲಿ ಸತ್ತನೆಂದು ಸುದ್ದಿ ಬಂತು. ಪುಟ್ಟಸಿದ್ದಮ್ಮ ಅಂದು ಕಾಡಿಗೆ ಹೋಗಲಿಲ್ಲ. ಅಷ್ಟೇ.

ಮಗಳು ಮರಮ್ಮ ಈರವ್ವನ ಹಾಗೆ ಎತ್ತರಕ್ಕೆ ಬೆಳೆದಳು. ಎಡಗಣ್ಣಿನ ಮೂಲೆಯಲ್ಲಿ ಸುಟ್ಟ ಕಲೆ ಉಳಿದಿತ್ತು. ಅವಳನ್ನು ನೋಡಲು ಪಿರಿಯಾಪಟ್ಟಣದ ಕಡೆಯಿಂದ ಚಾಮಯ್ಯ ಎಂಬವನು ತನ್ನ ಮಗನಿಗಾಗಿ ಬಂದ. ಹುಡುಗಿಯ ಕಣ್ಣನ್ನು ನೋಡಿ, "ನಿಮ್ದು ಯಾವ ಮನೆತನ ಕಣವ್ವ?" ಎಂದು ಕೇಳಿದ.

ಮಿರ್ಲೆಯಿಂದ ಬಂದಿದ್ದ ಚಿಕ್ಕಸಿದ್ದಮ್ಮ ಮಗಳ ಸೆರಗು ಎಳೆದಳು. ಪುಟ್ಟಸಿದ್ದಮ್ಮ ಸೆರಗು ಬಿಡಿಸಿಕೊಂಡು ಎಲ್ಲವನ್ನೂ ಹೇಳಿದಳು. ಡಂಕನ್ ದೊರೆಯಿಂದ ಹಿಡಿದು ಎಕ್ಕದ ಹಾಲಿನ ತನಕ.

ಚಾಮಯ್ಯ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಅಂಗಾರೆ, ಕೊಂದೋಳು ಯಾರ ಕಡೆಯೋಳು?"

"ನಮ್ ಕಡೆಯೋಳೆ."

"ಸತ್ತೋನು?"

"ಅವ್ನೂ ನಮ್ ಕಡೆಯೋನೆ. ಇಲ್ಲ ಅಂದ್ರೆ ಕಣ್ಣು ಬುಡ್ತದಾ?"

"ಊರಲ್ಲಿ ಕೇಳಿದ್ರೆ ಏನಂತ ಏಳ್ಲಿ ನಾನು?"

"ತೊಗಟೆ ಸಿದ್ದಮ್ಮನ ಮನೆ ಅನ್ನಿ. ಇಲ್ಲಿ ಎಲ್ರೂ ಅಂಗೇ ಕರೀತಾರೆ."

ಚಾಮಯ್ಯ ಮರಮ್ಮನನ್ನು ಇನ್ನೊಮ್ಮೆ ನೋಡಿದ. ಅವಳು ಆ ಬೆಕ್ಕಿನ ಕಣ್ಣನ್ನು ಕೆಳಗಿಳಿಸದೆ ಅವನನ್ನೇ ನೋಡುತ್ತಿದ್ದಳು. ಅವನು ನಕ್ಕು, ಚಾಪೆಯ ಮೇಲೆ ಸರಿಯಾಗಿ ಕಾಲು ಮಡಿಸಿ ಕುಳಿತ.

"ನಡೆದು ಬಂದು ಒಟ್ಟೆ ಅಸೀತಾ ಅದೆ ಕಣವ್ವ," ಎಂದ. "ಮುದ್ದೆ ಇದ್ರೆ ಇಕ್ಕು."